ತೂಕದ ಮುಳ್ಳು ನಿಂತಾಗ

ನನ್ನ ಜಾಗಕ್ಕೆ ಬಂದಿರುವ ಹುಡುಗಿ ಮೊನ್ನೆ ಫೋನ್ ಮಾಡಿದ್ದಳು. "ಆಂಟಿ, ಪೇಷೆಂಟ್ ಒಬ್ಬರು ನನ್ನೆದುರೇ ಅತ್ತುಬಿಟ್ಟರು. ಆಪರೇಷನ್ ಆಗಿ ಏಳು ತಿಂಗಳಾಯಿತು, ಎರಡು ತಿಂಗಳಿಂದ ತೂಕ ಇಳಿದೇ ಇಲ್ಲ. ಚಾರ್ಟ್‌ನಲ್ಲಿ ಇರೋದನ್ನೆಲ್ಲ ಹೇಳಿ ಮುಗಿಸಿದೆ. ಇನ್ನೇನು ಹೇಳಲಿ?" ಎಂದಳು. ಮೊದಲು ಅವರಿಗೊಂದು ಲೋಟ ನೀರು ಕೊಡು, ಏನೂ ಹೇಳಬೇಡ, ಅವರು ಹೇಳುವುದನ್ನು ಕೇಳು ಎಂದೆ. ಫೋನ್ ಇಟ್ಟ ಮೇಲೆ, ಹೇಳಬೇಕಾದದ್ದು ಇನ್ನೂ ಬೇಕಾದಷ್ಟು ಇತ್ತಲ್ಲ ಎಂದು ಮನಸ್ಸು ಕೊರೆಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗಿಯರೆಲ್ಲ ಓದಲಿ.

ನಾನು ಡಯಟಿಷಿಯನ್. ಆಗಿದ್ದೆ ಎನ್ನಬೇಕು, ಆ ಮಾತು ಇನ್ನೂ ಬಾಯಿಗೆ ಬರುವುದಿಲ್ಲ. ಮೈಸೂರಿನಲ್ಲಿ ಕಾನ್ವೆಂಟ್, ಆಮೇಲೆ ಹೋಂ ಸೈನ್ಸ್, ಆಮೇಲೆ ಅಲ್ಲೇ ಒಂದು ಪ್ರೈವೇಟ್ ಆಸ್ಪತ್ರೆ. ಕೊನೆಯ ವರ್ಷಗಳೆಲ್ಲ ಬೇರಿಯಾಟ್ರಿಕ್ ವಿಭಾಗದಲ್ಲಿ ಕಳೆದವು. ತೂಕ ವಿಪರೀತವಾಗಿ ಸಕ್ಕರೆ ಕಾಯಿಲೆ, ಮಂಡಿನೋವು, ಉಸಿರುಗಟ್ಟುವುದು ಎಲ್ಲ ಗಂಟುಬಿದ್ದವರಿಗೆ ಹೊಟ್ಟೆಯ ಚೀಲದ ಬಹುಭಾಗ ಕತ್ತರಿಸಿ ಬಾಳೆಕಾಯಿಯಷ್ಟು ಉಳಿಸುವ ಆಪರೇಷನ್ ಅದು. ಸರ್ಜನ್ ಕೆಲಸ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ನಮ್ಮದು ವರ್ಷಗಟ್ಟಲೆ.

ಮೊದಲ ತಿಂಗಳುಗಳಲ್ಲಿ ತೂಕ ಸರಸರನೆ ಇಳಿಯುತ್ತದೆ. ಜನ ಬಂದು ಕಾಲಿಗೆ ಬೀಳುತ್ತಾರೆ, ಹಣ್ಣು ತಂದುಕೊಡುತ್ತಾರೆ. ಆಮೇಲೆ ಒಂದು ದಿನ ಮುಳ್ಳು ನಿಂತುಬಿಡುತ್ತದೆ. ಅದಕ್ಕೆ ಇಂಗ್ಲಿಷಿನಲ್ಲಿ ಪ್ಲಾಟೋ, ಅಂದರೆ ಪ್ರಸ್ಥಭೂಮಿ, ಎನ್ನುತ್ತಾರೆ. ಆ ಮಾತನ್ನು ನಾನು ಮೊದಲು ಕೇಳಿದ್ದು ಜಿಯಾಗ್ರಫಿ ಕ್ಲಾಸಿನಲ್ಲಿ. ನಮ್ಮ ಸಿಸ್ಟರ್ ಮ್ಯಾಪಿನ ಮೇಲೆ ಕೋಲು ಇಟ್ಟು, "ಗರ್ಲ್ಸ್, ಯು ಆರ್ ಸಿಟಿಂಗ್ ಆನ್ ದ ಡೆಕ್ಕನ್ ಪ್ಲಾಟೋ" ಎಂದಾಗ ನಾವು ಬೆಂಚಿನ ಕೆಳಗೆ ಬಗ್ಗಿ ನೋಡಿ ನಕ್ಕಿದ್ದೆವು. ಅದೇ ಮಾತಿಗೆ ಗಟ್ಟಿ ಹೆಂಗಸರೂ ಅಳುವುದನ್ನು ಮುಂದೆ ನೋಡುತ್ತೇನೆಂದು ಯಾರಿಗೆ ಗೊತ್ತಿತ್ತು!

ಯಾಕೆ ನಿಲ್ಲುತ್ತದೆ? ಮೈ ಸಣ್ಣದಾದಂತೆ ಅದಕ್ಕೆ ಬೇಕಾಗುವುದೂ ಕಡಿಮೆಯಾಗುತ್ತದೆ, ಸಿಕ್ಕಷ್ಟರಲ್ಲೇ ಸಂಸಾರ ತೂಗಿಸಲು ಕಲಿಯುತ್ತದೆ. ಹೆಚ್ಚಿನ ಸಲ ಇಷ್ಟೇ. ಕೆಲವು ವಾರ ಕಾದು, ತಿನ್ನುವುದನ್ನೂ ನಡೆಯುವುದನ್ನೂ ಬಿಡದೆ ಇದ್ದರೆ ಮುಳ್ಳು ತಾನೇ ಅಲುಗಾಡುತ್ತದೆ. ಕೆಲವು ಸಲ ಮಾತ್ರ ಊಟದಲ್ಲಿ ಏನೋ ನುಸುಳಿರುತ್ತದೆ. ಯಾವುದು ಯಾವಾಗ ಎಂದು ಕಂಡುಹಿಡಿಯುವುದೇ ನಮ್ಮ ಕೆಲಸ. ಫ್ರಾಂಕ್ಲಿ, ಅದನ್ನು ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ಮಾಡಲು ಆಗುವುದಿಲ್ಲ.

ಇದನ್ನು ನನಗಿಂತ ಮೊದಲು ಒಪ್ಪಿಕೊಂಡವರು ನಮ್ಮ ಸರ್ಜನ್. ಬಹಳ ಮುಂಗೋಪಿ. ಪ್ರತಿ ಪೇಷೆಂಟಿನ ತೂಕಕ್ಕೂ ಒಂದು ಗ್ರಾಫ್ ಇಡುತ್ತಿದ್ದರು. ಗೆರೆ ಅಡ್ಡ ಮಲಗಿದರೆ, "ಮೇಡಂ, ದೇ ಆರ್ ಚೀಟಿಂಗ್" ಎಂದು ನನ್ನ ಮೇಲೆ ಕೂಗುತ್ತಿದ್ದರು. ಆದರೆ ಮಂಡ್ಯ ಕಡೆಯ ಜನ ಆರು ತಿಂಗಳ ನಂತರ ಆಸ್ಪತ್ರೆಗೆ ಬರುವುದನ್ನೇ ಬಿಡುತ್ತಾರೆ ಎಂದು ನಾನು ಹೇಳಿದಾಗ, ತಾವೇ ಕಾರು ಕೊಟ್ಟು, "ದೆನ್ ಯು ಗೋ ಟು ದೆಮ್" ಎಂದರು. ಅಂದಿನಿಂದ ಒಂದು ವಾರ ಶ್ರೀರಂಗಪಟ್ಟಣ, ಒಂದು ವಾರ ಪಾಂಡವಪುರ, ಒಂದು ವಾರ ಕೆ.ಆರ್. ಪೇಟೆ, ಒಂದು ವಾರ ನಾಗಮಂಗಲ. ಪರಿಚಯದ ಡಾಕ್ಟರುಗಳ ಕ್ಲಿನಿಕ್ಕಿನಲ್ಲಿ ಒಂದು ಕೋಣೆ. ತೂಕದ ಮಿಷನ್ನನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಹೋಗುತ್ತಿದ್ದೆ. ಆ ಕಾರು ಕೊಟ್ಟದ್ದಕ್ಕೆ ಅವರ ಕೂಗಾಟವನ್ನೆಲ್ಲ ಎಂದೋ ಮಾಫಿ ಮಾಡಿದ್ದೇನೆ.

ಮೊದಲ ಸಲ ಕೆ.ಆರ್. ಪೇಟೆಗೆ ಹೋದಾಗ ನನ್ನ ಚಾರ್ಟ್‌ನಲ್ಲಿ ಓಟ್ಸ್, ಸ್ಪ್ರೌಟ್ಸ್ ಸಲಾಡ್, ಪನೀರ್ ಇತ್ತು. ಒಬ್ಬಾಕೆ ಅದನ್ನು ಮಗನ ಕೈಲಿ ಓದಿಸಿಕೊಂಡು ಕೇಳಿದಳು: "ಎಲ್ಲಾ ಸರಿ ಕಣವ್ವ, ಇದ್ರಾಗೆ ಊಟ ಯಾವ್ದು?"

ಆ ವಾರವೇ ಚಾರ್ಟ್ ಬದಲಾಯಿಸಿದೆ. ಇವರ ಮನೆಗಳಲ್ಲಿ ಬಸ್ಸಾರು ಮಾಡುತ್ತಾರಲ್ಲ, ಕಾಳನ್ನೂ ಸೊಪ್ಪನ್ನೂ ಬೇಯಿಸಿ ಬಸಿದು, ಆ ರಸಕ್ಕೆ ಮಸಾಲೆ ಅರೆದು ಹಾಕಿ ಸಾರು, ಉಳಿದದ್ದಕ್ಕೆ ಒಗ್ಗರಣೆ ಹಾಕಿ ಪಲ್ಯ. ಮುದ್ದೆ ದೊಡ್ಡದು, ಪಲ್ಯ ತಟ್ಟೆಯ ಅಂಚಿಗೆ ಚೂರು. ನಾನು ಮಾಡಿದ್ದು ಇಷ್ಟೇ: ಮೊದಲು ಪಲ್ಯ ತಿನ್ನಿ, ಮೊಟ್ಟೆ ಇದ್ದರೆ ಅದೂ ಮೊದಲು, ಹೊಟ್ಟೆಯಲ್ಲಿ ಜಾಗ ಉಳಿದರೆ ಆಮೇಲೆ ರಾಗಿ. ರಾಗಿಯೂ ಮುದ್ದೆ ಬೇಡ, ರೊಟ್ಟಿ ಇರಲಿ. ಯಾಕೆಂದರೆ ಮುದ್ದೆಯನ್ನು ಈ ಕಡೆ ಯಾರೂ ಅಗಿಯುವುದಿಲ್ಲ, ಸಾರಲ್ಲಿ ಅದ್ದಿ ನುಂಗುತ್ತಾರೆ. ಕತ್ತರಿಸಿದ ಹೊಟ್ಟೆಗೆ ಅಗಿಯದ ತುತ್ತು ಕಲ್ಲಿನ ಹಾಗೆ.

ಕೆ.ಆರ್. ಪೇಟೆಯಲ್ಲೇ ರುದ್ರೇಗೌಡ ಎಂಬ ಪ್ರೈವೇಟ್ ಬಸ್ಸಿನ ಡ್ರೈವರ್ ಇದ್ದ. ಅವನ ಮುಳ್ಳು ಮೂರು ತಿಂಗಳು ನಿಂತಲ್ಲೇ ನಿಂತಿತ್ತು.

"ಏನು ತಿಂತೀರಿ ರುದ್ರೇಗೌಡ್ರೇ?"

"ಬೆಳಿಗ್ಗೆ ಎರಡ್ ಇಡ್ಲಿ, ಮಧ್ಯಾನ ಕಾಳು, ರಾತ್ರಿಕೆ ಮೊಟ್ಟೆ. ನೀವು ಏಳ್ದಂಗೇಯ."

"ಮಧ್ಯದಲ್ಲಿ?"

"ಮಧ್ಯದಲ್ಲಿ ಬಸ್ ಓಡುಸ್ತೀನಿ."

ಒಂದು ದಿನ ನಮ್ಮ ಕಾರು ಕೆಟ್ಟು, ನಾಗಮಂಗಲಕ್ಕೆ ಅವನ ಬಸ್ಸಿನಲ್ಲೇ ಹೋದೆ. ಬಸ್ ನಿಂತ ಕಡೆಯಲ್ಲೆಲ್ಲ ಹೋಟೆಲಿನಿಂದ ಡ್ರೈವರ್, ಕಂಡಕ್ಟರಿಗೆ ಒಂದೊಂದು ಪ್ಲೇಟು, ಒಂದೊಂದು ಟೀ ಬಂತು. ಬೋಂಡ, ಬನ್ನು, ಮತ್ತೆ ಬೋಂಡ. ಪ್ಯಾಸೆಂಜರುಗಳನ್ನು ತಮ್ಮ ಮುಂದೆ ಇಳಿಸುವ ಡ್ರೈವರಿಗೆ ಹೋಟೆಲಿನವರು ಮಾಡುವ ಉಪಚಾರ ಅದು. "ಇದೇನ್ರೀ?" ಎಂದೆ ನಾನು.

"ಅಯ್ಯೋ, ಇದು ನಾನ್ ತಿಂದಿದ್ದಲ್ಲ ಮೇಡಂ, ಅವ್ರು ಕೊಟ್ಟಿದ್ದು!"

ಕಂಡಕ್ಟರ್ ಹಿಂದಿನಿಂದ ಕೂಗಿದ: "ಅವ್ರ್ ಕೊಟ್ರೆ ಒಟ್ಟೆ ಒಳೀಕ್ ಓಗಕಿಲ್ವೇನ್ಲಾ?" ಇಡೀ ಬಸ್ಸು ನಕ್ಕಿತು. ರುದ್ರೇಗೌಡನಿಗೆ ಸುಳ್ಳು ಹೇಳುವ ಉದ್ದೇಶ ಇರಲಿಲ್ಲ. ಉಪಚಾರವನ್ನು ಯಾರಾದರೂ ಊಟದ ಲೆಕ್ಕಕ್ಕೆ ಹಿಡಿಯುತ್ತಾರೆಯೇ! ಆಮೇಲೆ ಅವನೇ ಹೋಟೆಲಿನವರಿಗೆ ಹೇಳಿ ಬೋಂಡದ ಬದಲು ಬೇಯಿಸಿದ ಮೊಟ್ಟೆ ಮಾಡಿಸಿಕೊಂಡ. ಮುಳ್ಳು ಅಲುಗಾಡಿತು.

ಆಮೇಲೆ ವಾಟ್ಸ್ಯಾಪ್ ಬಂತು. ಪ್ರತಿ ಊಟಕ್ಕೂ ತಟ್ಟೆಯ ಫೋಟೋ ಕಳಿಸಿ ಎಂದೆವು. ನಾಗಮಂಗಲದ ಒಬ್ಬ ಮೇಷ್ಟ್ರು ಕಳಿಸುತ್ತಿದ್ದ ತಟ್ಟೆಗಳು ಎಷ್ಟು ಚೆಂದ ಇದ್ದವೆಂದರೆ ನಾನು ಬೇರೆಯವರಿಗೆ ತೋರಿಸುತ್ತಿದ್ದೆ. ಅವರ ಹೆಂಡತಿ ಒಂದು ದಿನ ಸಂಕೋಚದಿಂದಲೇ ಹೇಳಿದರು: "ಫೋಟೋ ತೆಗ್ದಾದ್ಮೇಲೆ ಎರಡನೇ ಸಲ ಬಡುಸ್ಕೋತಾರೆ ಮೇಡಂ." ಈಗಿನ ಆ್ಯಪ್‌ಗಳೂ ಹಾಗೆಯೇ. ಒಳ್ಳೆಯವೇ, ಆದರೆ ಎರಡನೇ ಸಲ ಬಡಿಸಿಕೊಂಡದ್ದು ಅವಕ್ಕೆ ಕಾಣುವುದಿಲ್ಲ.

ಇವೆಲ್ಲ ನಕ್ಕು ಮರೆಯುವ ಕೇಸುಗಳು. ತಿಂದದ್ದನ್ನು ಮುಚ್ಚಿಡುವವರಿಂದ ನನಗೆ ಎಂದೂ ಭಯವಾಗಲಿಲ್ಲ. ಭಯವಾದದ್ದು ತಿನ್ನದೆ ಇರುವುದನ್ನು ಮುಚ್ಚಿಟ್ಟವಳಿಂದ. ಅವಳು ಸುನಂದಮ್ಮ.

ಪಾಂಡವಪುರ ತಾಲ್ಲೂಕಿನ ಹಳ್ಳಿಯವಳು, ನಲವತ್ತರ ಆಸುಪಾಸು, ಮನೆ ತುಂಬ ಹಸು. ಆಪರೇಷನ್ನಿಗೆ ಮೊದಲು ಯಾರು ಬಂದರೂ, ತೂಕ ಇಳಿದರೆ ನಿಮಗೆ ಏನು ಮಾಡಬೇಕು ಎಂದು ಆಸೆ ಎಂದು ನಾನು ಕೇಳುತ್ತಿದ್ದೆ. ಶುಗರ್ ಹೋಗಲಿ, ಸೀರೆ ಚೆನ್ನಾಗಿ ಕಾಣಲಿ ಎನ್ನುತ್ತಿದ್ದರು. ಸುನಂದಮ್ಮ ಗಂಡನ ಕಡೆ ನೋಡಿ, "ವಸಿ ಆಚೆ ಇರಿ" ಎಂದಳು. ಅವನು ಹೋದ ಮೇಲೆ ದನಿ ತಗ್ಗಿಸಿದಳು.

"ಕುಕ್ಕರುಗಾಲಲ್ಲಿ ಕೂರಕ್ಕಾಗಲ್ಲ ಮೇಡಂ. ಮದುವೆಯಾಗಿ ಬಂದಾಗ್ಲಿಂದ ಆಲು ಕರ್ದೋಳು ನಾನೇಯ. ಈಗ ನಮ್ಮನೆಯೋರು ಕೂತ್ರೆ ನಮ್ ಅಸ ಗೌರಿ ಒದೀತದೆ, ಅರ್ಧ ಆಲು ಮೇಲಕ್ಕೆಳ್ಕತದೆ. ಇನ್ನೊಂದೈತೆ... ನಗಬ್ಯಾಡಿ. ದೇವಲಾಪುರದ ತಾವ ನಮ್ಮವ್ವನ ಮನೆ. ಅಲ್ಲಿ ಕಕ್ಕಸು ನೆಲದ್ದು. ಕೂತ್ರೆ ಏಳಕ್ಕಾಗಲ್ಲ. ಅದ್ಕೇ ಓದ್ರೂ ಸಂಜೆ ಬಸ್ಸಿಗೆ ವಾಪಸ್ ಬತ್ತೀನಿ. ಏನಂತ ಏಳಾದು? 'ನಮ್ಮನೇಲಿ ಒಂದ್ ರಾತ್ರಿ ಮನೀಕಳ್ದಷ್ಟು ದೊಡ್ಡೋಳಾಗ್ಬುಟ್ಯಾ' ಅಂತ ಅವ್ವ ಮಾತೇ ಬುಟ್ಬುಟ್ಟದೆ."

ನಾನು ನಗಲಿಲ್ಲ. ಫೈಲಿನಲ್ಲಿ ಗುರಿ ಎಂಬಲ್ಲಿ ಎಪ್ಪತ್ತು ಕೆ.ಜಿ. ಎಂದು ಬರೆಯಬೇಕಿತ್ತು, ಬರೆದೆ. ಮನಸ್ಸಿನಲ್ಲಿ ಮಾತ್ರ ಕುಕ್ಕರುಗಾಲು ಎಂದು ಬರೆದುಕೊಂಡೆ.

ಅತ್ತೆ ನಿಂಗಮ್ಮನಿಗೆ ಈ ಆಪರೇಷನ್ ಸುತರಾಂ ಇಷ್ಟವಿರಲಿಲ್ಲ. ವಾರ್ಡಿನ ಬಾಗಿಲಲ್ಲೇ ಕೂತು, "ದೇವ್ರು ಕೊಟ್ಟ ಒಟ್ಟೆ ಕುಯ್ಸ್ಕತಾವ್ಳಂತೆ. ಬಾಯ್ ಮುಚ್ಕಂಡಿದ್ರೆ ಆಗ್ತಿರ್ನಿಲ್ವಾ?" ಎಂದು ಹೋಗಿ ಬರುವ ನರ್ಸುಗಳಿಗೆಲ್ಲ ಹೇಳುತ್ತಿದ್ದಳು. ಆದರೂ ಒಂದು ದಿನವೂ ಸೊಸೆಯನ್ನು ಒಬ್ಬಳೇ ಕಳಿಸಲಿಲ್ಲ. ಬೈಯುವುದಕ್ಕಾದರೂ ಜೊತೆಗೆ ಬರುತ್ತಿದ್ದಳು.

ನೂರ ಹದಿನೆಂಟು ಇದ್ದವಳು ತೊಂಬತ್ತೆರಡಕ್ಕೆ ಬಂದಳು. ಅಲ್ಲಿ ಮುಳ್ಳು ನಿಂತಿತು. ಮುಂದಿನ ತಿಂಗಳೂ ತೊಂಬತ್ತೆರಡು, ಅದರ ಮುಂದಿನ ತಿಂಗಳೂ ತೊಂಬತ್ತೆರಡು. "ನಿಮ್ ಮಿಷನ್ ಕೆಟ್ಟೋಗದೆ ಮೇಡಂ" ಎಂದಳು. ನಾನೇ ಹತ್ತಿ ನಿಂತು ತೋರಿಸಿದೆ. ಟೇಪ್ ಹಿಡಿದು ಅಳೆದೆ, ಸೊಂಟ ಒಂದು ಇಂಚು ಕಡಿಮೆಯಾಗಿತ್ತು. ಮೈ ಕರಗುತ್ತಲೇ ಇದೆ, ತೂಕಕ್ಕೆ ಗೊತ್ತಾಗುತ್ತಿಲ್ಲ ಅಷ್ಟೇ, ಈಗ ಇರುವ ಹಾಗೇ ತಿಂದುಕೊಂಡಿರು ಎಂದೆ. ಅವಳು ತಲೆ ಆಡಿಸಿದಳು. ನಿಂಗಮ್ಮ, "ಒಟ್ಟೆ ಕುಯ್ಸ್ಕಂಡಿದ್ದೂ ದಂಡವಾಯ್ತು ಬುಡು" ಎಂದಳು. ಆ ಮಾತು ಸುನಂದಮ್ಮನೊಳಗೆ ಎಷ್ಟು ಆಳಕ್ಕೆ ಇಳಿಯಿತೆಂದು ನನಗೆ ಆಗ ತಿಳಿಯಲಿಲ್ಲ.

ಪಾಂಡವಪುರದ ನಮ್ಮ ಕೋಣೆ ಮಹಡಿಯ ಮೇಲಿತ್ತು. ಮುಂದಿನ ಸಲ ಅತ್ತೆ ಸೊಸೆ ಮೆಟ್ಟಿಲು ಹತ್ತಿ ಬರುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಸುನಂದಮ್ಮ ಗೋಡೆ ಹಿಡಿದು ಹತ್ತುತ್ತಿದ್ದಳು. ಅರ್ಧದಲ್ಲಿ ಅವಳ ಎಡಗಾಲಿನ ಚಪ್ಪಲಿ ಕಳಚಿ ಮೆಟ್ಟಿಲ ಮೇಲೇ ಉಳಿಯಿತು. ಅವಳು ಬರಿಗಾಲಲ್ಲೇ ಮೇಲೆ ಬಂದಳು. ನಿಂಗಮ್ಮ ಅದನ್ನೆತ್ತಿಕೊಂಡು, "ಚಪ್ಲಿ ಬುಟ್ಬುಟ್ಟು ಬತ್ತಾವ್ಳೆ, ಗ್ಯಾನ ಎಲ್ಲೈತೋ!" ಎಂದು ಗೊಣಗಿದಳು.

ಮಿಷನ್ ಹತ್ತಿದಳು. ಎಂಬತ್ತೇಳು!

ಸುನಂದಮ್ಮನ ಮುಖ ಅರಳಿತು. ಮೈ ಡಿಯರ್ ಗರ್ಲ್ಸ್, ಈ ಜಾಗದಲ್ಲಿ ನೀವಾಗಿದ್ದರೆ ಚಪ್ಪಾಳೆ ತಟ್ಟುತ್ತಿದ್ದಿರಿ. ನಾನೂ ತಟ್ಟುತ್ತಿದ್ದೆನೋ ಏನೋ, ಆ ಚಪ್ಪಲಿಯನ್ನು ನೋಡಿರದಿದ್ದರೆ.

ಅವಳನ್ನು ಕೂರಿಸಿ, ಕಣ್ಣು ಮುಚ್ಚಲು ಹೇಳಿ, ಕಾಲ್ಬೆರಳು ಮುಟ್ಟಿ, "ಯಾವ ಬೆರಳು ಹೇಳು" ಎಂದೆ.

"ಮುಟ್ಟಿ ಮೇಡಂ, ಏಳ್ತೀನಿ" ಎಂದಳು. ನಾನು ಆಗಲೇ ಮುಟ್ಟಿ ಹಿಡಿದುಕೊಂಡಿದ್ದೆ.

"ಏನು ತಿಂತಿದೀಯಾ ಸುನಂದಾ?"

ಉತ್ತರ ಕೊಟ್ಟವಳು ನಿಂಗಮ್ಮ, ಅದೂ ಹೆಮ್ಮೆಯಿಂದ. "ಮೊದ್ಲು ಶನಿವಾರ ಒಪ್ಪತ್ತು ಮಾಡ್ತಿದ್ಲು. ಆಮೇಲೆ ಸೋಮವಾರ, ಶುಕ್ರವಾರ. ಈಗ ದಿನಾ ಒಪ್ಪತ್ತೇಯ. ಮನೆದೇವ್ರಿಗೆ ಅರಕೆ ಕಟ್ಕಂಡವ್ಳೆ. ಅರಕೆ ಅಂದ್ಮ್ಯಾಲೆ ಬ್ಯಾಡ ಅನ್ನಕ್ಕಾಯ್ತದಾ?"

ಹಸಿದುಕೊಂಡಿರುತ್ತೇನೆ ಎಂದಿದ್ದರೆ ಮನೆಯವರು ಬಿಡುತ್ತಿರಲಿಲ್ಲ. ದೇವರಿಗೆ ಒಂದು ಹೊತ್ತು ಎಂದದ್ದಕ್ಕೆ ಯಾರೂ ಅಡ್ಡ ಬರಲಿಲ್ಲ. ಆ ಒಂದು ಹೊತ್ತಾದರೂ ಹೊಟ್ಟೆಯಲ್ಲಿ ನಿಂತಿದ್ದರೆ! ದಿನವೆಲ್ಲ ಹಸಿದವಳು ಸಂಜೆ ಮುದ್ದೆ ನುಂಗುತ್ತಿದ್ದಳು, ಅದು ಎದೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು, ಕೊಟ್ಟಿಗೆಯ ಹಿಂದೆ ಹೋಗಿ ಕಕ್ಕಿ ಬರುತ್ತಿದ್ದಳು. ಆಪರೇಷನ್ ಆದವರು ದಿನವೂ ನುಂಗಬೇಕಾದ ವಿಟಮಿನ್ ಮಾತ್ರೆಗಳನ್ನೂ ಬಿಟ್ಟಿದ್ದಳು. ಒಪ್ಪತ್ತಿನಲ್ಲಿ ಮಾತ್ರೆ ನುಂಗಬಹುದೋ ಇಲ್ಲವೋ ಎಂದು ಯಾರನ್ನೂ ಕೇಳಲು ಧೈರ್ಯ ಬಂದಿರಲಿಲ್ಲ.

ಸರ್ಜನ್‌ಗೆ ಫೋನ್ ಮಾಡಿ, ಕ್ಲಿನಿಕ್ ಅರ್ಧಕ್ಕೇ ಮುಚ್ಚಿ, ಅತ್ತೆ ಸೊಸೆಯರನ್ನು ಕಾರಿಗೆ ಹತ್ತಿಸಿಕೊಂಡು ಮೈಸೂರಿಗೆ ಹೊರಟೆ. ಸುನಂದಮ್ಮನ ಮೈಯಲ್ಲಿ ಬಿ-ಒನ್ ವಿಟಮಿನ್ ಬರಿದಾಗಿತ್ತು. ಅದಿಲ್ಲದೆ ಮೊದಲು ಕಾಲು ಜೋಮು ಹಿಡಿಯುತ್ತದೆ, ಆಮೇಲೆ ಕಣ್ಣು, ಆಮೇಲೆ ಬುದ್ಧಿ. ಡ್ರಿಪ್ ಹಾಕಿದ ಮೇಲೆ ಸರ್ಜನ್ ಅವಳ ಗ್ರಾಫ್ ನೋಡಿದರು. ಮಲಗಿದ್ದ ಗೆರೆ ಚೆನ್ನಾಗಿ ಕೆಳಗಿಳಿದಿತ್ತು. "ಬ್ಯೂಟಿಫುಲ್ ಗ್ರಾಫ್" ಎಂದರು ಮೆಲ್ಲಗೆ. ಹಾಳೆಯನ್ನು ಮೇಜಿನ ಮೇಲೆ ಬೋರಲು ಹಾಕಿದರು. "ಇನ್ನೊಂದೆರಡು ವಾರ ಬಿಟ್ಟು ತಂದಿದ್ದರೆ ಅವಳು ಮತ್ತೆ ನಡೆಯುತ್ತಾಳೆ ಅಂತ ನಾನು ಹೇಳ್ತಿರಲಿಲ್ಲ ಮೇಡಂ" ಎಂದರು. ಆ ದಿನದಿಂದ ಅವರ ಬಾಯಲ್ಲಿ ಚೀಟಿಂಗ್ ಎಂಬ ಮಾತನ್ನು ನಾನು ಕೇಳಲಿಲ್ಲ.

ಮಾರನೆಯ ದಿನ ಬೇಳೆಕಟ್ಟು, ಮೆತ್ತಗೆ ಬೇಯಿಸಿದ ಮೊಟ್ಟೆ ಕಳಿಸಿದೆ. ಮುಟ್ಟಲಿಲ್ಲ.

"ಅರಕೆ ಕಟ್ಕಂಡಿವ್ನಿ ಮೇಡಂ. ಮಧ್ಯದಲ್ಲಿ ಬುಟ್ರೆ ದೇವ್ರು ಸುಮ್ಕಿದ್ದದಾ?" ದಿಂಬಿನ ಕೆಳಗಿಂದ ಅರಿಶಿನದ ಬಟ್ಟೆಯ ಸಣ್ಣ ಗಂಟು ತೆಗೆದು ತೋರಿಸಿದಳು. ಒಳಗೆ ಒಂದು ಕಾಸು, ದೇವರಿಗೆಂದು ಕಟ್ಟಿಟ್ಟ ಮುಡಿಪು. ನಾನು ನರಗಳ ಬಗ್ಗೆ ಹೇಳಿದೆ, ವಿಟಮಿನ್ ಬಗ್ಗೆ ಹೇಳಿದೆ, ದೇವರು ಕೋಪ ಮಾಡಿಕೊಳ್ಳುವುದಿಲ್ಲ ಎಂದೂ ಹೇಳಿದೆ. ಅವಳು ಗಂಟನ್ನು ಮುಷ್ಟಿಯಲ್ಲಿ ಹಿಡಿದು ಗೋಡೆಯ ಕಡೆ ತಿರುಗಿದಳು.

ನಿಂಗಮ್ಮ ಕೆಳಗೆ ಚಾಪೆಯ ಮೇಲೆ ಕೂತಿದ್ದಳು. ಹಿಂದಿನ ದಿನದಿಂದ ಒಂದು ಬೈಗುಳವೂ ಅವಳ ಬಾಯಿಂದ ಬಂದಿರಲಿಲ್ಲ. ಮಂಡಿ ಹಿಡಿದು ಎದ್ದು ಮಂಚದ ಹತ್ತಿರ ಬಂದಳು.

"ಏನಂತ ಕಟ್ಕಂಡಿದ್ದೆಯೇ?"

"ತೂಕ ಇಳೀಲಿ ಅಂತ."

"ಇಳುದ್ರೆ ಏನ್ ಮಾಡೀಯೆ?"

ಸುನಂದಮ್ಮ ಗೋಡೆಗೇ ಹೇಳಿದಳು. ಹಾಲು ಕರೆಯುವುದನ್ನು ಹೇಳಿದಳು. ದೇವಲಾಪುರದ ಅವ್ವನ ಮನೆಯಲ್ಲಿ ಒಂದು ರಾತ್ರಿ ಮಲಗಿ ಬರುವುದನ್ನು ಹೇಳಿದಳು. ಯಾಕೆ ಇಷ್ಟು ವರ್ಷ ಉಳಿದಿಲ್ಲ ಎನ್ನುವುದನ್ನೂ ಹೇಳಿದಳು. ಅತ್ತೆಗೆ ಅದು ಗೊತ್ತೇ ಇರಲಿಲ್ಲ.

"ಮಾತಾಡಕ್ ಏನಾಗಿತ್ತೇ ನಿಂಗೆ, ಮೂದೇವಿ" ಎಂದಳು ನಿಂಗಮ್ಮ. ಎಂದು, ಸೊಸೆಯ ಮುಷ್ಟಿ ಬಿಡಿಸಿ ಆ ಗಂಟನ್ನು ತೆಗೆದುಕೊಂಡು ತನ್ನ ಸೆರಗಿನ ತುದಿಗೆ ಕಟ್ಟಿಕೊಂಡಳು. "ಮನೇವ್ರ ಅರಕೇನ ಮನೇವ್ರು ಯಾರ್ ಬೇಕಾದ್ರೂ ತೀರುಸ್ಬೋದು. ಇದು ಇನ್ ಮ್ಯಾಕೆ ನಂದು. ನೀನು ಕುಕ್ಕರುಗಾಲಲ್ಲಿ ಕೂತು ಗೌರಿ ಆಲು ಕರ್ಯೋಗಂಟ ಶನಿವಾರ ಒಪ್ಪತ್ತು ನಾನ್ ಮಾಡ್ತೀನಿ. ಮನೆದೇವ್ರಿಗೆ ನಾನೇ ಏಳ್ಕತೀನಿ, ಅವ್ನಿಗೂ ನಂಗೂ ಅಳೇ ಪರಿಚಯ. ನೀನ್ ಎದ್ದು ಮೊಟ್ಟೆ ತಿನ್ನು."

ಡಯಟಿಷಿಯನ್ ಬುದ್ಧಿ ಎಲ್ಲಿ ಬಿಡುತ್ತದೆ? "ಅಜ್ಜಿ, ನಿಮಗೆ ಶುಗರ್, ಬಿ.ಪಿ. ಏನಾದರೂ ಇದೆಯಾ?" ಎಂದೆ.

"ನಂಗೇನೂ ಇಲ್ಲ ಕಣವ್ವ. ಅಲ್ಲೂ ಇಲ್ಲ" ಎಂದು ಬಾಯಿ ತೆರೆದು ತೋರಿಸಿದಳು. ಸುನಂದಮ್ಮ ಗೋಡೆಯ ಕಡೆಯಿಂದ ಇತ್ತ ತಿರುಗಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಮೊಟ್ಟೆಯನ್ನಂತೂ ತಿಂದಳು.

ಆಮೇಲಿನ ದಾರಿ ನಿಧಾನದ್ದು. ಸರಿಯಾಗಿ ತಿನ್ನಲು ಶುರು ಮಾಡಿದಾಗ ತೂಕ ಮೊದಲು ಎರಡು ಕೆ.ಜಿ. ಏರಿತು. ಏರುತ್ತದೆ, ಹೆದರಬೇಡ ಎಂದು ಮುಂಚೆಯೇ ಹೇಳಿಟ್ಟಿದ್ದೆ. ಬೆಳಿಗ್ಗೆ ಮೊಟ್ಟೆ, ಮಧ್ಯಾಹ್ನ ಬಸ್ಸಾರಿನ ಪಲ್ಯ ಮೊದಲು, ಆಮೇಲೆ ಒಂದು ಚೂರು ರಾಗಿ ರೊಟ್ಟಿ. ಊಟಕ್ಕೆ ನಿಂಗಮ್ಮನ ಕಾವಲು. ಒಮ್ಮೆ ಅವರ ಮನೆಯಲ್ಲಿ ನಾನೇ ಕಂಡೆ: ತನ್ನ ತಟ್ಟೆಯಲ್ಲಿ ಮುದ್ದೆ ಮುರಿದು ಗುಳುಂ ಎಂದು ನುಂಗುತ್ತ, ಸೊಸೆಯ ಕಡೆ ಬೆರಳು ತೋರಿಸಿ, "ಅಗೀ, ಅಗೀ, ಇನ್ನೂ ಅಗೀ" ಎನ್ನುತ್ತಿದ್ದಳು. ಗಂಡ ನಕ್ಕು, "ನಮ್ಮನೇಲಿ ಗೌರೀನೂ ಮೆಲುಕಾಕ್ತದೆ, ಇವ್ಳೂ ಮೆಲುಕಾಕ್ತಾಳೆ" ಎಂದರೆ ಅವನಿಗೂ ಬೈಗುಳ ಬೀಳುತ್ತಿತ್ತು. ಕಾಲ್ಬೆರಳುಗಳಿಗೆ ಸ್ಪರ್ಶ ಒಂದೊಂದಾಗಿ ಮರಳಿತು. ಪಾಂಡವಪುರಕ್ಕೆ ಬಂದಾಗಲೆಲ್ಲ ಅವಳೇ ಕಣ್ಣು ಮುಚ್ಚಿ ಕಾಲು ಚಾಚುತ್ತಿದ್ದಳು. ತೂಕ ಆಮೇಲೆ ನೋಡುತ್ತಿದ್ದೆವು.

ನಾನು ನಿವೃತ್ತಳಾಗುವ ಹೊತ್ತಿಗೆ ಮುಳ್ಳು ಎಂಬತ್ತಾರರಲ್ಲಿ ಮತ್ತೊಮ್ಮೆ ನಿಂತಿತ್ತು. ಈ ಸಲ ಅವಳು ಅಳಲಿಲ್ಲ. ಕೊಟ್ಟಿಗೆಯ ಕಂಬ ಹಿಡಿದು ಅರ್ಧ ಕೂರುತ್ತೇನೆ, ಇನ್ನರ್ಧ ಉಳಿದಿದೆ ಎಂದಳು. ನಿಂಗಮ್ಮನ ಸೆರಗಿನ ತುದಿಯಲ್ಲಿ ಆ ಗಂಟು ಹಾಗೇ ಇತ್ತು. ಅದು ಬಿಚ್ಚುವುದನ್ನು ನೋಡದೆಯೇ, ತೂಕದ ಮಿಷನ್ನನ್ನು ಕೊನೆಯ ಸಲ ತೊಡೆಯ ಮೇಲಿಟ್ಟುಕೊಂಡು ಹೊರಟು ಬಂದೆ. ನಮ್ಮ ಕೆಲಸವೇ ಹಾಗೆ. ಮಧ್ಯದಿಂದ ಸೇರುತ್ತೇವೆ, ಮಧ್ಯದಲ್ಲೇ ಎದ್ದು ಬರುತ್ತೇವೆ. ಆದರೂ ಎಷ್ಟು ಮನೆಗಳ ತಟ್ಟೆಯ ಮುಂದೆ ನನ್ನನ್ನು ಕೂರಿಸಿಕೊಂಡರು! ಗಂಡನಿಗೂ ಹೇಳದ್ದನ್ನು ನನಗೆ ಹೇಳಿದರು. ಆ ಋಣ ಚಿಕ್ಕದಲ್ಲ. ಹಾಗಾಗಿ, ಹುಡುಗಿಯರೇ, ಮುಳ್ಳು ನಿಂತಾಗ ಎಷ್ಟು ತಿಂದೆ ಎಂದು ಮಾತ್ರ ಕೇಳಬೇಡಿ. ಉಂಡೆಯಾ ಎಂದೂ ಕೇಳಿ. ಮಿಷನ್ನಿನ ಕಡೆ ನೋಡುವ ಮೊದಲು ಅವರು ನಡೆದು ಬರುವುದನ್ನು ನೋಡಿ.

ಈಗ ನಾನು ಶ್ರೀರಂಗಪಟ್ಟಣದಲ್ಲಿ, ನದಿಯ ಹತ್ತಿರದ ಸಣ್ಣ ಮನೆಯಲ್ಲಿದ್ದೇನೆ. ಕೆಲವು ತಿಂಗಳ ಹಿಂದೆ ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಫೋನ್ ಬಂತು.

"ಮೇಡಮ್ಮಾರೇ, ನಾನು ನಿಂಗಮ್ಮ. ಊಟ ಆಯ್ತಾ?"

"ಇನ್ನೂ ಇಲ್ಲ ಅಜ್ಜಿ. ನಿಮ್ಮದು?"

"ನಂದಾಯ್ತು. ಮಧ್ಯಾನ್ವೂ ಉಂಡೆ, ಈಗ್ಲೂ ಉಂಡೆ."

ಗೋಡೆಯ ಕ್ಯಾಲೆಂಡರ್ ನೋಡಿದೆ.

"ಅಜ್ಜಿ, ಇವತ್ತು ಶನಿವಾರ."

"ಊಂ ಕಣವ್ವ, ಶನಿವಾರವೇಯ."

ತೂಕ ಎಷ್ಟಾಯಿತೆಂದು ಕೇಳುವುದು ನನಗೆ ನೆನಪೇ ಆಗಲಿಲ್ಲ.

"ಸುನಂದ ಎಲ್ಲಿ ಅಜ್ಜಿ? ಫೋನ್ ಕೊಡಿ ಅವಳಿಗೆ."

"ಅವ್ಳೆಲ್ಲವ್ಳೆ ಇಲ್ಲಿ? ಬೆಳಿಗ್ಗೆ ಗೌರಿ ಆಲು ಕರ್ದು ಕೊಟ್ಟು, ದೇವಲಾಪುರದ ಬಸ್ ಅತ್ತುದ್ಲು. ನಾಳಿಕ್ ಬತ್ತಾಳೆ."